ಮನೆ, ಮಲ್ಲೇಶ್ವರ, ಮಾಲ್ಟಾ: ಒಂದೇ ಪೋಸ್ಟರ್, ಮೂರು ಸಮ್ಮೇಳನ

ಚಿಕ್ಕಪೇಟೆಯ ಪ್ರಿಂಟಿಂಗ್ ಅಂಗಡಿಯವರು ನನ್ನ ಪಿಡಿಎಫ್ ತೆರೆದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ಮೇಡಂ, ಬರ್ತ್‌ಡೇ ಹುಡುಗನ ಫೋಟೋ ಎಲ್ಲಿ?" ಅಂತ ಕೇಳಿದರು. ಹುಟ್ಟುಹಬ್ಬದ್ದಲ್ಲ, ಟೆಲಿಸ್ಕೋಪಿನ ಫೈಲುಗಳ ವಿಚಾರ ಅಂದೆ. "ದೂರ ಹೋಗ್ಬೇಕಾ? ಹಂಗಾದ್ರೆ ಪೇಪರ್ ಬೇಡ ಬಿಡಿ. ಬಟ್ಟೆ ಮೇಲೆ ಹೊಡ್ಕೊಡ್ತೀನಿ, ಮಡಚಿ ಬ್ಯಾಗಿಗೆ ಹಾಕ್ಕೊಳ್ಳಿ." ಮೂರು ಸಮ್ಮೇಳನಗಳ ತಯಾರಿಯಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದು. ಕೊಟ್ಟವರು ಖಗೋಳದವರಲ್ಲ.

ಸಮ್ಮೇಳನಗಳಲ್ಲಿ ನಮ್ಮ ಕೆಲಸವನ್ನು ವಿವರಿಸಲು ನೇತುಹಾಕುವ ದೊಡ್ಡ ಹಾಳೆಗೆ ಪೋಸ್ಟರ್ ಅನ್ನುತ್ತಾರೆ. ನನ್ನದರಲ್ಲಿ ಏನಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಖಗೋಳದ ಚಿತ್ರ, ವರ್ಣಪಟಲಗಳನ್ನು ಇಡುವುದು ಫಿಟ್ಸ್ ಎಂಬ ಫೈಲ್ ರೂಪದಲ್ಲಿ. 1981ರಲ್ಲಿ ಪ್ರಕಟವಾದ ಮಾದರಿ. ಒಂದಕ್ಕೆ 80 ಅಕ್ಷರ ಹಿಡಿಯುತ್ತಿದ್ದ ಪಂಚ್ ಕಾರ್ಡಿನ ನೆನಪು ಇನ್ನೂ ಹೋಗದ ಕಾಲ ಅದು, ಹಾಗಾಗಿ ಫೈಲಿನ ಆರಂಭದಲ್ಲಿರುವ ಹೆಡರಿನ ಒಂದೊಂದು ಸಾಲೂ ಇವತ್ತಿಗೂ ಕರಾರುವಾಕ್ಕಾಗಿ 80 ಅಕ್ಷರ. ಅಂಥ 36 ಸಾಲು ಸೇರಿದರೆ 2880 ಬೈಟಿನ ಒಂದು ಬ್ಲಾಕು. ಯಾವ ಟೆಲಿಸ್ಕೋಪು, ಯಾವ ರಾತ್ರಿ, ಎಷ್ಟು ಸೆಕೆಂಡ್ ಎಕ್ಸ್‌ಪೋಷರ್, ಎಲ್ಲ ಅಲ್ಲೇ ಬರೆದಿರುತ್ತದೆ. ನಮ್ಮ ಗುಂಪಿನಲ್ಲಿ ಹೆಡರಿಗೆ ಹಣೆಬರಹ ಅಂತಲೇ ಹೆಸರು. ಹಳೆಯ ಫೈಲುಗಳಲ್ಲಿ ಈ ಹಣೆಬರಹ ಕೆಟ್ಟಿರುವುದು ಹೆಚ್ಚು. ಮೊದಲೆಲ್ಲ ತಾರೀಖನ್ನು ದಿನ, ತಿಂಗಳು, ಇಸವಿ ಅಂತ ಎರಡೆರಡೇ ಅಂಕಿಯಲ್ಲಿ ಬರೆಯುತ್ತಿದ್ದರು. 2000 ಹತ್ತಿರ ಬಂದಾಗ ಎಚ್ಚೆತ್ತುಕೊಂಡು ನಾಲ್ಕಂಕಿಯ ಇಸವಿಯನ್ನು ಮುಂದೆ ತಂದರು. ಎರಡೂ ಪದ್ಧತಿಯ ಸಾವಿರಾರು ಫೈಲುಗಳು ಒಂದೇ ಫೋಲ್ಡರಿನಲ್ಲಿದ್ದರೆ ಏನಾಗುತ್ತದೆ ಅಂತ ಊಹಿಸಿ. ಅವನ್ನು ಓದಿ ಎಲ್ಲೆಲ್ಲಿ ತಪ್ಪಿದೆ ಅಂತ ಪಟ್ಟಿ ಕೊಡುವ ಸಣ್ಣ ಪೈಥಾನ್ ಪ್ರೋಗ್ರಾಂ ನನ್ನದು.

ಇದನ್ನೇ ಹಿಡಿದುಕೊಂಡು ಮೂರು ಕಡೆ ಹೋದೆ. ಹೋದೆ ಅನ್ನುವುದು ಎರಡಕ್ಕೆ ಮಾತ್ರ ಸರಿ, ಒಂದರಲ್ಲಿ ಕೂತಿದ್ದು ಬನಶಂಕರಿಯ ನಮ್ಮ ಮನೆಯ ಊಟದ ಮೇಜಿನ ಮುಂದೆ.

ಅದು 2020ರ ನವೆಂಬರ್. ಈ ಕ್ಷೇತ್ರದ ದೊಡ್ಡ ಸಮ್ಮೇಳನದ ಪೂರ್ತಿ ಹೆಸರು ಅಸ್ಟ್ರನಾಮಿಕಲ್ ಡೇಟಾ ಅನಾಲಿಸಿಸ್ ಸಾಫ್ಟ್‌ವೇರ್ ಅಂಡ್ ಸಿಸ್ಟಮ್ಸ್. ಬಾಯಲ್ಲಿ ಆಡಾಸ್. 1991ರಲ್ಲಿ ಅಮೆರಿಕದ ಟೂಸಾನಿನಲ್ಲಿ ಶುರುವಾಗಿ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತಾ ಬಂದಿದೆ. ಮೂವತ್ತನೆಯದು ಸ್ಪೇನಿನ ಗ್ರನಾಡಾದಲ್ಲಿ ನಡೆಯಬೇಕಿತ್ತು, ಕೋವಿಡ್ಡಿನಿಂದ ಪೂರಾ ಆನ್‌ಲೈನ್ ಆಯಿತು. ನನಗೆ ಅದು ವರವಾಯಿತು ಅಂತಲೇ ಹೇಳಬೇಕು. ಕೈಯಲ್ಲಿ ದುಡ್ಡೂ ಇರಲಿಲ್ಲ, ರಜೆಯೂ ಇರಲಿಲ್ಲ.

ಭಾಷಣ ಕೇಳುವುದಕ್ಕೆ ಆನ್‌ಲೈನನ್ನು ಮೀರಿಸಿದ್ದಿಲ್ಲ. ಅರ್ಥವಾಗದ ಸ್ಲೈಡನ್ನು ನಿಲ್ಲಿಸಿ ಓದಬಹುದು, ಗೊತ್ತಿರುವುದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಬಹುದು. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕು ಅಂದರೆ ಈಗಲೂ ನನಗೆ ಗಂಟಲು ಒಣಗುತ್ತದೆ. ಚಾಟಿನಲ್ಲಿ ಟೈಪ್ ಮಾಡುವುದಕ್ಕೆ ಯಾವ ಅಳುಕೂ ಇಲ್ಲ. ಆ ವಾರ ನಾನು ಕೇಳಿದಷ್ಟು ಪ್ರಶ್ನೆಗಳನ್ನು ಮುಂದಿನ ಎರಡು ಸಮ್ಮೇಳನಗಳಲ್ಲಿ ಸೇರಿಸಿಯೂ ಕೇಳಿಲ್ಲ.

ಪೋಸ್ಟರ್ ಮಾತ್ರ ನೀರಿಗೆ ಹಾಕಿದ ಉಪ್ಪು. ಒಂದು ಪಿಡಿಎಫ್, ಜೊತೆಗೆ ಸಣ್ಣ ವಿಡಿಯೋ, ಕೆಳಗೆ ಕಾಮೆಂಟಿಗೆ ಜಾಗ. ಐದು ದಿನದಲ್ಲಿ ಬಂದದ್ದು ಮೂರು ಕಾಮೆಂಟು, ಅದರಲ್ಲಿ ಎರಡು ಚಪ್ಪಾಳೆಯ ಗುರುತು. ಯುರೋಪಿನ ಮಧ್ಯಾಹ್ನ ಅಂದರೆ ನಮಗೆ ರಾತ್ರಿ ಅಡುಗೆಯ ಹೊತ್ತು, ನಾಲ್ಕೂವರೆ ಗಂಟೆ ವ್ಯತ್ಯಾಸ. ಮೂರನೇ ಕಾಮೆಂಟಿನವರು ಐದು ನಿಮಿಷ ವಿಡಿಯೋ ಕಾಲಿನಲ್ಲಿ ಸಿಗುತ್ತೇನೆ ಅಂದಿದ್ದರು. ನಾನು ಮೈಕ್ ಆನ್ ಮಾಡುತ್ತಲೇ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಎರಡನೇ ಕೂಗಿಗೆ ಕರೆಂಟ್ ಹೋಯಿತು. ಫೋನಿನ ಹಾಟ್‌ಸ್ಪಾಟ್ ಹಿಡಿದು ಮರಳಿ ಬರುವಷ್ಟರಲ್ಲಿ ಅವರು ಬೇರೆ ಕೋಣೆಗೆ ಹೋಗಿದ್ದರು. ಒಬ್ಬರೂ ನನ್ನ ಪ್ರೋಗ್ರಾಮನ್ನು ತಮ್ಮ ಫೈಲಿನ ಮೇಲೆ ಓಡಿಸಿ ನೋಡಲಿಲ್ಲ. ಅದರಲ್ಲಿ ಎಷ್ಟು ಹುಳುಕಿದೆ ಅಂತ ಗೊತ್ತಾಗದೆ ಇನ್ನೂ ಮೂರು ವರ್ಷ ಹಾಯಾಗಿದ್ದೆ.

ಮಲ್ಲೇಶ್ವರ ಅಂತ ಪ್ರಾಸಕ್ಕೆ ಹಾಕಿದ್ದು, ನಿಜವಾಗಿ ಅದರ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. 1972ರಲ್ಲಿ ಹುಟ್ಟಿದ ಭಾರತೀಯ ಖಗೋಳ ಸಂಘದ 42ನೇ ವಾರ್ಷಿಕ ಸಭೆ 2024ರ ಜನವರಿ ಕೊನೆಯಲ್ಲಿ ಅಲ್ಲಿ ಸೇರಿತು, ಐದು ದಿನ. ಹಸಿರು ಮೆಟ್ರೋ ಹತ್ತಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಲ್ಲಿ ಇಳಿದರೆ ಆಮೇಲೊಂದು ಆಟೋ. ರಾತ್ರಿ ಮನೆ ಊಟ. ಆದಿತ್ಯ-ಎಲ್1 ಅದೇ ತಿಂಗಳ 6ರಂದು ತನ್ನ ಕಕ್ಷೆ ಸೇರಿತ್ತು, ಎಲ್ಲರ ಬಾಯಲ್ಲೂ ಅದೇ ಮಾತು.

ಇದು ಸಾಫ್ಟ್‌ವೇರಿನವರ ಸಭೆ ಅಲ್ಲ, ವಿಜ್ಞಾನಿಗಳದು. ನನ್ನ ಪೋಸ್ಟರ್ ಮುಂದೆ ನಿಂತ ಹಿರಿಯರಲ್ಲಿ ಬಹುಪಾಲು ಜನ "ಇದರಿಂದ ರಿಸಲ್ಟ್ ಏನು ಬಂತಮ್ಮ?" ಅಂತ ಕೇಳಿ, ನಾನು ತಾರೀಖಿನ ಕಥೆ ಶುರು ಮಾಡುತ್ತಿದ್ದಂತೆ ತಲೆಯಾಡಿಸುತ್ತಾ ಪಕ್ಕದ ಬ್ಲ್ಯಾಕ್‌ಹೋಲಿಗೆ ಸರಿದುಬಿಟ್ಟರು. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆದರೆ ಮೂರನೇ ದಿನ ದಾವಣಗೆರೆ ಕಡೆಯ ಒಬ್ಬ ಎಂ.ಎಸ್ಸಿ. ಹುಡುಗಿ ಬಂದಳು. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು.

"ಮೇಡಂ, ಇದು ವಿಂಡೋಸಲ್ಲಿ ಓಡುತ್ತಾ?"

"ಓಡ್ಬೇಕಮ್ಮ."

"ಓಡ್ಬೇಕಾ, ಓಡುತ್ತಾ?"

ಓಡಲಿಲ್ಲ. ನಾನು ವರದಿಯ ಫೈಲಿಗೆ ಗಂಟೆ, ನಿಮಿಷ, ಸೆಕೆಂಡನ್ನು ಕೋಲನ್ ಚಿಹ್ನೆಯಿಂದ ಬೇರ್ಪಡಿಸಿ ಹೆಸರಿಡುತ್ತಿದ್ದೆ. ಲಿನಕ್ಸಿನಲ್ಲಿ ನಡೆಯುತ್ತದೆ, ವಿಂಡೋಸಿನಲ್ಲಿ ಫೈಲಿನ ಹೆಸರಿನೊಳಗೆ ಕೋಲನ್ ಬರುವಂತಿಲ್ಲ. ಅಷ್ಟೇ. ನಾಲ್ಕು ವರ್ಷದಿಂದ ನಾವು ಕೆಲಸ ಮಾಡುವ ಯಂತ್ರಗಳೆಲ್ಲ ಲಿನಕ್ಸ್ ಆದ್ದರಿಂದ ಯಾರಿಗೂ ತಿಳಿದಿರಲಿಲ್ಲ. ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಇರುವುದು ವಿಂಡೋಸೇ. ಅಲ್ಲೇ ಮೆಟ್ಟಿಲ ಮೇಲೆ ಕೂತು ಕೋಲನ್ ತೆಗೆದು ಅಡ್ಡಗೆರೆ ಹಾಕಿದೆ. ಆಮೇಲೆ ಅವಳ ಗೆಳತಿಯರು, ಅವರ ಮೇಷ್ಟ್ರು, ಹೀಗೆ ಒಬ್ಬರಿಂದೊಬ್ಬರು. ನನ್ನ ಪ್ರೋಗ್ರಾಂ ಬಳಸುವವರಲ್ಲಿ ಈಗಲೂ ಹೆಚ್ಚಿನವರು ಆ ಮೆಟ್ಟಿಲಿನ ಕಡೆಯಿಂದ ಬಂದವರೇ.

ಇನ್ನು ಮಾಲ್ಟಾ. 2024ರ ನವೆಂಬರ್ 10ರಿಂದ 14, ಆಡಾಸಿನ 34ನೇ ಸಮ್ಮೇಳನ, ವ್ಯಾಲೆಟ್ಟಾದಲ್ಲಿ. ಬೆನ್ನಿಗೇ ವರ್ಚುವಲ್ ಅಬ್ಸರ್ವೇಟರಿ ಒಕ್ಕೂಟದ ಸಭೆಯೂ ಅಲ್ಲೇ; ಬೇರೆಬೇರೆ ಟೆಲಿಸ್ಕೋಪುಗಳ ದತ್ತಾಂಶ ಎಲ್ಲರಿಗೂ ಒಂದೇ ರೀತಿಯಲ್ಲಿ ಸಿಗುವಂತೆ ನಿಯಮ ಮಾಡುವವರು ಅವರು. ಸಾಮಾನ್ಯವಾಗಿ ಇವೆರಡನ್ನೂ ಜೋಡಿಸಿಯೇ ಇಡುತ್ತಾರೆ, ಒಂದೇ ವಿಮಾನದ ಖರ್ಚಿನಲ್ಲಿ ಎರಡು ಮುಗಿಯಲಿ ಅಂತ.

ತಯಾರಿಯ ವಿಷಯದಲ್ಲಿ ಒಂದು ತಪ್ಪು ಮಾಡಿದೆ: ಪೋಸ್ಟರಿನ ಸಾರಾಂಶ ಒಪ್ಪಿಗೆಯಾದ ಮೇಲೆ ವೀಸಾ ನೋಡೋಣ ಅಂತ ಕೂತೆ. ಮಾಲ್ಟಾಕ್ಕೆ ಬೇಕಾದ ಷೆಂಗೆನ್ ವೀಸಾಗೆ ಪ್ರಯಾಣದ 6 ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಶುಲ್ಕ ಆ ವರ್ಷ ಜೂನಿನಲ್ಲಿ 80 ಯೂರೋ ಇದ್ದದ್ದು 90 ಆಗಿತ್ತು. ಪಾಸ್‌ಪೋರ್ಟ್ ಕೈಗೆ ಬಂದದ್ದು ಹೊರಡುವ ಮೂರು ದಿನ ಮುಂಚೆ. ಅಷ್ಟು ದಿನವೂ ಅಮ್ಮ ದಿನಕ್ಕೆರಡು ಸಲ "ಬಂತೇನೆ?" ಅಂತ ಕೇಳಿದ್ದು ಬೇರೆ. ಟಿಕೆಟ್ಟು, ಕೋಣೆ, ನೋಂದಣಿ ಎಲ್ಲ ಸೇರಿ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಸಂಸ್ಥೆ ಅರ್ಧ ಕೊಟ್ಟಿತು, ಉಳಿದರ್ಧ ನನ್ನ ಚೀಟಿ ದುಡ್ಡು. ಮಲ್ಲೇಶ್ವರದ ಲೆಕ್ಕ ಸಾವಿರಗಳಲ್ಲೇ ಮುಗಿದಿತ್ತು. ಮಾಲ್ಟಾದ ಪ್ಲಗ್ಗು ಇಂಗ್ಲೆಂಡಿನ ಹಾಗೆ ಚಪ್ಪಟೆ ಮೂರು ಪಿನ್ನು, ಎಸ್.ಪಿ. ರೋಡಿನಲ್ಲಿ ಒಂದು ಅಡಾಪ್ಟರ್ ತಗೊಂಡು ಹೋಗಿದ್ದಕ್ಕೆ ಮೊದಲ ದಿನವೇ ಮೂವರು ಗೆಳೆಯರಾದರು.

ಬಟ್ಟೆ ಪೋಸ್ಟರಿನ ವಿಷಯ. ಎ0 ಅಂದರೆ 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರ. ಕಾಗದದಲ್ಲಾದರೆ ಉದ್ದನೆಯ ಕೊಳವೆ ಹೊತ್ತು ಎರಡು ವಿಮಾನ ಹತ್ತಬೇಕು. ನನ್ನದು ಸೀರೆಯ ಹಾಗೆ ಮಡಚಿ ಬೆನ್ನಿನ ಚೀಲದೊಳಗೆ. ಕಾಗದದ ಮೇಲೆ ಸಣ್ಣ ಅಕ್ಷರ ಸ್ಪಷ್ಟ, ನೇತುಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಬಟ್ಟೆ ನಡುವೆ ಜೋಲುತ್ತದೆ, ಮಡಿಕೆಯ ಗೆರೆ ಹೋಗುವುದಿಲ್ಲ. ಇಸ್ತ್ರಿ ಹಾಕಿದೆ, ಉಲ್ಟಾ ಕಡೆಯಿಂದ, ಕಡಿಮೆ ಬಿಸಿಯಲ್ಲಿ. ಹತ್ತರಲ್ಲಿ ಒಂಬತ್ತು ಪಾಲು ಸರಿಹೋಯಿತು. ಇನ್ನು ಮುಂದೆ ನನಗೆ ಬಟ್ಟೆಯೇ.

ಆಡಾಸಿನಲ್ಲಿ ಭಾಷಣಗಳು ಒಂದೇ ಸಭಾಂಗಣದಲ್ಲಿ ಸಾಲಾಗಿ ನಡೆಯುತ್ತವೆ, ನಾಲ್ಕು ಕೋಣೆಗಳಲ್ಲಿ ಒಟ್ಟೊಟ್ಟಿಗೆ ಅಲ್ಲ. ಎಲ್ಲರೂ ಅದೇ ಭಾಷಣ ಕೇಳಿ ಹೊರಬಂದಿರುತ್ತಾರಾದ್ದರಿಂದ ಕಾಫಿ ಹೊತ್ತಿನಲ್ಲಿ ಗುರುತಿಲ್ಲದವರ ಜೊತೆಗೂ ಮಾತು ಸಲೀಸು. ನಡುವೆ ಬರ್ಡ್ಸ್ ಆಫ್ ಎ ಫೆದರ್ ಅನ್ನುವ ಹರಟೆ ಕೂಟಗಳಿರುತ್ತವೆ, ಒಂದೇ ತಲೆನೋವಿನವರು ಸೇರಿ ಗೋಳು ಹೇಳಿಕೊಳ್ಳುವ ಜಾಗ. ಸಾಫ್ಟ್‌ವೇರ್ ಬರೆದವರು ನಿವೃತ್ತರಾದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಅನ್ನುವ ಮಾತು ಬಂದರೆ ಸಾಕು, ಸಮಯ ಮುಗಿದರೂ ಯಾರೂ ಏಳುವುದಿಲ್ಲ.

ಎರಡನೇ ದಿನ ಪೋಸ್ಟರ್ ಹೊತ್ತಿನಲ್ಲಿ ಯುರೋಪಿನ ಒಬ್ಬ ಹಿರಿಯ ಪ್ರೋಗ್ರಾಮರ್ ಬಂದರು. ಪೂರ್ತಿ ಓದಿದರು, ಒಂದು ಮಾತೂ ಆಡಲಿಲ್ಲ. ಕಾಫಿ ಲೋಟವನ್ನು ಕಿಟಕಿ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು, ನನ್ನ ಪ್ರೋಗ್ರಾಂ ಇಳಿಸಿಕೊಂಡು ತಮ್ಮದೊಂದು ಫೈಲಿನ ಮೇಲೆ ಓಡಿಸಿದರು. ಎರಡು ಸೆಕೆಂಡು. ಪರದೆ ತುಂಬ ಕೆಂಪು ಸಾಲು.

ಕಾರಣ ಇಷ್ಟು. ಆಸ್ಟ್ರೋಪೈ ಎಂಬ, ಖಗೋಳಕ್ಕೆಂದೇ ಬರೆದಿಟ್ಟ ಪೈಥಾನ್ ಕೋಡಿನ ಲೈಬ್ರರಿಗೆ ಫಿಟ್ಸ್ ಓದುವ ಕೆಲಸ ಕೊಟ್ಟರೆ ಅದು ಎಷ್ಟೋ ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡುಬಿಡುತ್ತದೆ. ನನಗೆ ಬೇಕಿದ್ದದ್ದು ಆ ತಪ್ಪೇ, ಹಾಗಾಗಿ 80 ಅಕ್ಷರದ ಸಾಲನ್ನು ನಾನೇ ಕೈಯಾರೆ ಬಿಡಿಸಿ ಓದುತ್ತಿದ್ದೆ. ಮಾದರಿಯ ಪ್ರಕಾರ ಹೆಸರಿಗೆ 8 ಅಕ್ಷರ, ಒಂಬತ್ತನೆಯ ಜಾಗದಲ್ಲಿ ಸಮ ಚಿಹ್ನೆ. ಚಿಲಿಯಲ್ಲಿರುವ ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ ಫೈಲುಗಳಲ್ಲಿ 8 ಅಕ್ಷರ ಸಾಲದೆ, ಮೊದಲು ಹೈರಾರ್ಕ್ ಅಂತ ಹಾಕಿ ಮುಂದೆ ಉದ್ದನೆಯ ಹೆಸರು ಬರೆಯುವ ರೂಢಿ ಇದೆ. ಸಮ ಚಿಹ್ನೆ ಎಲ್ಲೋ ದೂರದಲ್ಲಿರುತ್ತದೆ. ನನ್ನ ಪ್ರೋಗ್ರಾಂ ಒಂಬತ್ತನೆಯ ಜಾಗದಲ್ಲಿ ಹುಡುಕಿ, ಸಿಗದೆ, ಕುಸಿದು ಕೂತಿತ್ತು.

ಅವರು ಆಗ ಮೊದಲ ಸಲ ನಕ್ಕರು. ಮರುದಿನ ಬೆಳಗ್ಗೆ ತಿದ್ದಿದ್ದನ್ನು ತೋರಿಸಿದೆ, ಇನ್ನೊಂದು ಫೈಲ್ ಕೊಟ್ಟರು, ಅದರಲ್ಲೂ ಬಿತ್ತು. ಮೂರನೆಯದು ಪಾಸಾಯಿತು. ಇಂಥ ಫೈಲುಗಳು ಬೆಂಗಳೂರಿನಲ್ಲಿ ಕೂತೇ ಡೌನ್‌ಲೋಡ್ ಮಾಡಲು ಸಿಗುತ್ತವೆ, ಯಾವತ್ತೋ ನೋಡಬಹುದಿತ್ತು. ಆದರೆ ನನ್ನದನ್ನು ಬೀಳಿಸಲಿಕ್ಕೆ ಯಾವುದನ್ನು ಹುಡುಕಬೇಕು ಅನ್ನುವ ಕಲ್ಪನೆಯೇ ನನಗಿರಲಿಲ್ಲವಲ್ಲ.

ಹಾಗಾದರೆ ಎರಡು ಲಕ್ಷ ಸಾರ್ಥಕವೇ? ಒಂದು ಹೈರಾರ್ಕಿಗೆ ಎರಡು ಲಕ್ಷ ಅಂದರೆ ಮನೆಯಲ್ಲಿ ನಗುತ್ತಾರೆ. ನನ್ನ ತೀರ್ಪು ಇದು: ಬೇರೆಯವರ ಫೈಲಿನ ಮೇಲೆ ಒಮ್ಮೆಯೂ ಓಡದ ಪ್ರೋಗ್ರಾಂ ಹಿಡಿದುಕೊಂಡು ಮಾಲ್ಟಾಕ್ಕೆ ಹೋಗಬಾರದು. ಕೋಲನ್ನಿನಂಥ ತಪ್ಪಿಗೆ ಮೆಟ್ರೋ ಟಿಕೆಟ್ ಸಾಕು. ಅದನ್ನು ಇಲ್ಲೇ ಕಳೆದುಕೊಂಡಿದ್ದರಿಂದಲೇ ಮಾಲ್ಟಾದಲ್ಲಿ ಹೈರಾರ್ಕ್ ಸಿಕ್ಕಿತು. ಇಲ್ಲದಿದ್ದರೆ ಆ ಹಿರಿಯರು ಕೋಲನ್ನಿಗೇ ನಿಂತು ಹೊರಟುಹೋಗುತ್ತಿದ್ದರು. ಅವರದ್ದೂ ವಿಂಡೋಸೇ ಆಗಿತ್ತು, ನನಗೂ ಆಶ್ಚರ್ಯ.

ಮಾಲ್ಟಾದಿಂದ ಬಂದ ಮೇಲೆ ನಾವು ನಾಲ್ವರು ಸೇರಿ ಕೋರಮಂಗಲ ಕಡೆ ಎರಡು ದಿನದ ಸಣ್ಣ ಕಾರ್ಯಾಗಾರ ಮಾಡಿದೆವು, 40 ಜನಕ್ಕೆ. ಅಲ್ಲಿ ಹೋಲಿಸಿ ನೋಡಿದ್ದು ಒಂದೇ ವಿಷಯ. ಮೊದಲ ದಿನ ಎಲ್ಲರೂ ತಂತಮ್ಮ ಲ್ಯಾಪ್‌ಟಾಪಿನಲ್ಲಿ ಪೈಥಾನನ್ನೂ ಅದರ ಲೈಬ್ರರಿಗಳನ್ನೂ ಇಳಿಸಿಕೊಡುವ ಕಾಂಡಾ ಹಾಕಿ ಸಿದ್ಧಮಾಡಿಕೊಳ್ಳಲಿ ಅಂದೆವು. ಒಟ್ಟಿಗೇ 40 ಜನ ಡೌನ್‌ಲೋಡಿಗೆ ಕೂತಾಗ ವೈಫೈ ನೆಲಕಚ್ಚಿತು. ಬೆಳಗಿನ ಒಂದೂವರೆ ಗಂಟೆ ಹೋಯಿತು, ಕಾಫಿಯೂ ಆರಿತು. ಎರಡನೇ ದಿನ ಏನೂ ಹಾಕಿಕೊಳ್ಳದೆ ಬ್ರೌಸರಿನಲ್ಲೇ ತೆರೆದು ಕೋಡ್ ಓಡಿಸುವ ನೋಟ್‌ಬುಕ್ ಕೊಟ್ಟೆವು, ಹತ್ತು ನಿಮಿಷದಲ್ಲಿ ಎಲ್ಲರೂ ಮೊದಲ ಚಿತ್ರ ತೆರೆದಿದ್ದರು. ತಮಾಷೆ ಅಂದರೆ, ತಿಂಗಳಾದ ಮೇಲೆ ವಿಚಾರಿಸಿದರೆ ಇನ್ನೂ ಬಳಸುತ್ತಿರುವವರು ಮೊದಲ ದಿನ ಒದ್ದಾಡಿ ಕಾಂಡಾ ಹಾಕಿಕೊಂಡವರೇ. ಬ್ರೌಸರಿನವರು ಕಿಟಕಿ ಮುಚ್ಚಿದ್ದಷ್ಟೇ, ಮತ್ತೆ ತೆರೆದಿಲ್ಲ. ಮುಂದಿನ ಸಲ ಬ್ರೌಸರಿನಲ್ಲಿ ಶುರು ಮಾಡಿ, ಮಧ್ಯಾಹ್ನ ಬಿಸಿಬೇಳೆಬಾತಿನ ಹೊತ್ತಿಗೆ ಪೆನ್‌ಡ್ರೈವಿನಲ್ಲಿ ಕಾಂಡಾ ಹಂಚಬೇಕು ಅಂತ ಬರೆದಿಟ್ಟಿದ್ದೇನೆ.

ದಾವಣಗೆರೆಯ ಹುಡುಗಿ ಕಳೆದ ವಾರ ಫೋನ್ ಮಾಡಿದ್ದಳು. ಈಗ ಅವಳದ್ದೇ ಒಂದು ಸಣ್ಣ ಪ್ರೋಗ್ರಾಂ ಇದೆ. "ಮೇಡಂ, ಡೈರೆಕ್ಟಾಗಿ ಆಡಾಸಿಗೇ ಹಾಕ್ಲಾ?" ಅಂದಳು. ಭಾಷಣಗಳನ್ನು ಈ ವರ್ಷ ಆನ್‌ಲೈನಿನಲ್ಲಿ ಕೇಳು, ಪೋಸ್ಟರನ್ನು ಮೊದಲು ಇಲ್ಲಿಯ ಸಭೆಗೆ ತಾ ಅಂದೆ. ಚಿಕ್ಕಪೇಟೆ ಅಂಗಡಿಯ ನಂಬರನ್ನೂ ಕಳಿಸಿದೆ. ಲಿನಕ್ಸಿನಲ್ಲಿ ಓಡುತ್ತಾ ಅಂತ ಕೇಳಿದ್ದಕ್ಕೆ "ಓಡ್ಬೇಕು ಮೇಡಂ" ಅಂದಳು.