ಇಟ್ಟುಹೋದ ಮಾಲಿನ ಲೆಕ್ಕ: ಚಿಕ್ಕಮಗಳೂರಿನ ಒಂದು ಅಕೌಂಟ್ಸ್ ಸೇವೆ

ಆಲ್ದೂರಿನ ಕಾಫಿಪುಡಿ, ಮೂಡಿಗೆರೆ ಕಡೆಯ ಜೇನು, ಕಾಳುಮೆಣಸು. ಚಿಕ್ಕಮಗಳೂರಿನಲ್ಲಿ ಪ್ರವಾಸಿಗರು ಕೊಳ್ಳುವ ಈ ಮಾಲು ಎಷ್ಟೋ ಸಲ ಅಂಗಡಿಯವರದ್ದೇ ಅಲ್ಲ. ತೋಟದವರು ಇಟ್ಟುಹೋಗುತ್ತಾರೆ, ಮಾರಿದ ಮೇಲೆ ಕಮಿಷನ್ ಹಿಡಿದುಕೊಂಡು ಉಳಿದದ್ದು ಕೊಡಬೇಕು. ಇಂಥ ಅಂಗಡಿಗಳ ಲೆಕ್ಕ ಬರೆದು ರಿಟರ್ನ್ ಹಾಕಿಕೊಡುವ ಊರಿನ ಕಚೇರಿಯೊಂದರ ಕೆಲಸದಲ್ಲಿ ಅರ್ಧ ಚೆನ್ನ, ಅರ್ಧ ಕಣ್ಣಿಟ್ಟು ನೋಡಬೇಕಾದದ್ದು.

ಮಾಲು ಬಂದ ದಿನ ಕಚೇರಿಯವರು ಖರೀದಿ ಅಂತ ಬರೆಯುವುದಿಲ್ಲ. ಮಾಲಿನ ಜೊತೆ ಬರುವ ಚೀಟಿ, ಅಂದರೆ ಚಲನ್‌ನ ನಂಬರು, ತೋಟದವರ ಹೆಸರು, ಪ್ಯಾಕೆಟ್ ಎಣಿಕೆ ಸ್ಟಾಕ್ ರಿಜಿಸ್ಟರಿಗೆ ಹೋಗುತ್ತವೆ, ಅಷ್ಟೇ. ಇದು ಸರಿ.

ಎಡವಟ್ಟು ಇರುವುದು ಮಾರಾಟದಲ್ಲಿ. ತಿಂಗಳ ಕೊನೆಗೆ ಬ್ಯಾಂಕಿಗೆ ಬಿದ್ದ ಯುಪಿಐ ಮೊತ್ತವನ್ನೆಲ್ಲ ಒಟ್ಟಿಗೆ ಮಾರಾಟಕ್ಕೆ ಹಾಕಿಬಿಡುತ್ತಾರೆ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ತೋಟದವರ 500 ರೂಪಾಯಿ ಪ್ಯಾಕೆಟ್ ತಗೊಳ್ಳಿ. ಬಿಲ್ ಅವರ ಹೆಸರಲ್ಲೇ, ಕಮಿಷನ್ ಶೇ. 20, ಅಂಗಡಿಗೆ ಜಿಎಸ್‌ಟಿ ಇದೆ. ಆಗ ಅಂಗಡಿಯ ಆದಾಯ 100. ಅದರ ಮೇಲೆ ಶೇ. 18ರಂತೆ ತೆರಿಗೆ 18. ಎರಡೂ ಕಳೆದು ತೋಟದವರಿಗೆ ಕೊಡಬೇಕಾದದ್ದು 382. ಐನೂರನ್ನೂ ಆದಾಯವೆಂದು ತೋರಿಸಿದರೆ ವಹಿವಾಟು ಐದು ಪಟ್ಟು ಉಬ್ಬುತ್ತದೆ, ತೋಟದವರ ಖಾತೆ ಖಾಲಿ ಕಾಣುತ್ತದೆ. ಅವರು ದುಡ್ಡು ಕೇಳಲು ಬಂದ ದಿನ ಜಗಳ!

ಬಿಲ್ ಯಾರ ಹೆಸರಲ್ಲಿ ಅನ್ನುವುದನ್ನು ಈ ಕಚೇರಿ ಮೊದಲ ದಿನವೇ ಕೇಳುವುದಿಲ್ಲ. ಕೇಳಲೇಬೇಕು. ಜಿಎಸ್‌ಟಿ ಇರುವ ತೋಟದವರ ಪುಡಿಯನ್ನು ಅಂಗಡಿಯ ಹೆಸರಲ್ಲಿ ಬಿಲ್ ಮಾಡಿದರೆ, ವಹಿವಾಟು ಎಷ್ಟೇ ಚಿಕ್ಕದಿರಲಿ ಅಂಗಡಿಗೆ ನೋಂದಣಿ ಕಡ್ಡಾಯ. ಆಗ ತೋಟದಿಂದ ಅಂಗಡಿಗೆ ಮಾಲು ಬರುವುದೂ ಜಿಎಸ್‌ಟಿ ಲೆಕ್ಕದಲ್ಲಿ ಪೂರೈಕೆಯೇ, ಅಂದರೆ ಮಾರಾಟದ ಹಾಗೆಯೇ. ಚಲನ್ ಸಾಲದು, ಟ್ಯಾಕ್ಸ್ ಇನ್‌ವಾಯ್ಸ್ (ತೆರಿಗೆ ತೋರಿಸಿದ ಬಿಲ್) ಬೇಕು. ಇದನ್ನು 2018ರ 57ನೇ ಜಿಎಸ್‌ಟಿ ಸುತ್ತೋಲೆ ಬಿಡಿಸಿ ಹೇಳಿದೆ.

ಗಡುವಿನ ವಿಷಯದಲ್ಲಿ ದೂರಿಲ್ಲ. ತಿಂಗಳ ರಿಟರ್ನ್‌ನವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳ ಹನ್ನೊಂದಕ್ಕೆ, ತೆರಿಗೆ ಕಟ್ಟುವ 3ಬಿ ಇಪ್ಪತ್ತಕ್ಕೆ. ಎರಡೂ ಒಂದೆರಡು ದಿನ ಮುಂಚೆಯೇ ಹೋಗುತ್ತವೆ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಗೊತ್ತಲ್ಲ.

ಮಾರ್ಚ್ 31ರ ಸ್ಟಾಕ್ ಪಟ್ಟಿಯನ್ನು ಮಾತ್ರ ಸಹಿ ಹಾಕುವ ಮುಂಚೆ ಓದಿ. ಮಾರದೆ ಉಳಿದ ಪ್ಯಾಕೆಟ್ ತೋಟದವರ ಆಸ್ತಿ, ಅಂಗಡಿಯ ಸ್ಟಾಕಿಗೆ ಬರಕೂಡದು. ಪರಿಮಳ ಹೋಗಿ ವಾಪಸ್ ಕಳಿಸಿದ ಪುಡಿ, ಒಡೆದ ಜೇನಿನ ಬಾಟಲಿ, ಇವಕ್ಕೆ ಬೇರೆ ಕಾಲಂ ಬೇಕು. ಇವರ ರಿಜಿಸ್ಟರಿನಲ್ಲಿ ಅದಿಲ್ಲ, ಹೇಳಿ ಹಾಕಿಸಿಕೊಳ್ಳಿ.