ಟೊಮೆಟೊ ಚಿಗುರು ತೆಗೆಯಲು ಹೊರಗಿನವರನ್ನು ಕರೆಸುವ ಮುನ್ನ ಅವರ ಕತ್ತರಿ ನೋಡಿ

ಹಸಿರುಮನೆಯಲ್ಲಿ ಟೊಮೆಟೊ ಬೆಳೆಯುವವರು ದಯವಿಟ್ಟು ಓದಿ. ಕಂಕುಳ ಚಿಗುರು (ಎಲೆ ಕಾಂಡಕ್ಕೆ ಸೇರುವಲ್ಲಿ ಮೂಡುವ ಪಕ್ಕದ ಚಿಗುರು) ತೆಗೆದು, ಕಾಂಡಕ್ಕೆ ದಾರ ಸುತ್ತಿಕೊಡಲು ಗುತ್ತಿಗೆಗೆ ಬಂದ ತಂಡವೊಂದು ನಮ್ಮ ಗಿಡಗಳಿಗೆ ಕ್ಯಾಂಕರ್ ಎಂಬ ದುಂಡಾಣು (ಬ್ಯಾಕ್ಟೀರಿಯಾ) ರೋಗ ಅಂಟಿಸಿ ಹೋಯಿತು. ಕಾಯಿ ತುಂಬಿ ನಿಂತಿದ್ದ ಸಾಲುಗಳನ್ನು ಬೇರುಸಹಿತ ಕಿತ್ತು ಹಾಕಬೇಕಾಯಿತು.

ಅವರು ಬಂದದ್ದು ಬೇರೊಬ್ಬರ ಹಸಿರುಮನೆಯ ಕೆಲಸ ಮುಗಿಸಿ, ನೇರವಾಗಿ. ಅದೇ ಕತ್ತರಿ, ಅದೇ ಕೈಗವಸು. ರಾತ್ರಿಯ ತೇವ ಆರಿದ ಮೇಲೆಯೇ ಗಿಡ ಮುಟ್ಟಬೇಕು, ಕತ್ತರಿಯನ್ನು ಆಗಾಗ ಆಲ್ಕೋಹಾಲ್‌ನಲ್ಲಿ ಅದ್ದಬೇಕು ಎಂದು ಮೊದಲೇ ಹೇಳಿದ್ದೆವು. ಎರಡೂ ನಡೆಯಲಿಲ್ಲ. ಎಲೆಯಂಚಿನಲ್ಲಿ ನೀರಹನಿ ಇರುವಾಗಲೇ ಶುರು ಮಾಡಿ, ಬೆರಳಲ್ಲಿ ಚಿವುಟಬಹುದಾದ ಎಳೆಯ ಚಿಗುರಿಗೂ ಕತ್ತರಿ ಹಾಕಿದರು. ಅದ್ದಲು ಇಟ್ಟಿದ್ದ ಡಬ್ಬಿ ತುಂಬಿದ್ದಂತೆಯೇ ಉಳಿದಿತ್ತು.

ಕೆಲವು ವಾರ ಏನೂ ಕಾಣಲಿಲ್ಲ. ಈ ರೋಗದ ಮೋಸವೇ ಅದು. ಆಮೇಲೆ ಕೆಳಗಿನ ಎಲೆಗಳ ಅಂಚು ಸುಟ್ಟಂತಾಯಿತು. ಕೆಲವು ಎಲೆಗಳಲ್ಲಿ ಒಂದು ಪಕ್ಕದ ಉಪಎಲೆಗಳು ಮಾತ್ರ ಸೊರಗಿ, ಇನ್ನೊಂದು ಪಕ್ಕ ಹಸಿರಾಗಿಯೇ ಇತ್ತು. ನೀರಿನ ಕೊರತೆಯಾದರೆ ಗಿಡ ಹೀಗೆ ಅರ್ಧರ್ಧ ಬಾಡುವುದಿಲ್ಲ. ಕಾಂಡ ಸೀಳಿದಾಗ ಸಿಪ್ಪೆಯ ಒಳಗೆ ಕಂದು ಗೆರೆ ಕಂಡಿತು. ಕೆಲವು ಕಾಯಿಗಳ ಮೇಲೆ ನಡುವೆ ಕಂದು, ಸುತ್ತ ಬಿಳಿ ಬಳೆಯಿರುವ ಚುಕ್ಕೆಗಳು. ಪ್ರಯೋಗಾಲಯದ ಉತ್ತರವೂ ಅದೇ: ಕ್ಲಾವಿಬ್ಯಾಕ್ಟರ್ ಮಿಚಿಗನೆನ್ಸಿಸ್ ಎಂಬ ದುಂಡಾಣುವಿನಿಂದ ಬರುವ ಕ್ಯಾಂಕರ್ ರೋಗ. ಸೋಂಕು ಒಳಹೊಕ್ಕ ಗಿಡವನ್ನು ಗುಣಪಡಿಸುವ ಔಷಧವಿಲ್ಲ.

ಈ ದುಂಡಾಣು ಬೀಜದಿಂದಲೂ ಬರುತ್ತದೆ, ನಿಜ. ಆದರೆ ಅದೇ ಸಸಿಗಳನ್ನು ನೆಟ್ಟು ನಾವೇ ಚಿಗುರು ತೆಗೆದ ಪಕ್ಕದ ಹಸಿರುಮನೆಯಲ್ಲಿ ಒಂದು ಗಿಡವೂ ಬಾಡಲಿಲ್ಲ. ಇಲ್ಲಿ ಅವರು ಕೆಲಸ ಶುರು ಮಾಡಿದ ಸಾಲಿನಲ್ಲಿ ಮೊದಲು ಬಾಡಿತು; ಮುಂದಿನ ಗಿಡಗಳು ಅವರು ನಡೆದ ದಿಕ್ಕಿನಲ್ಲೇ ಒಂದಾದ ಮೇಲೊಂದು ಬಿದ್ದವು. ನಿಮ್ಮಲ್ಲೂ ರೋಗ ಹೀಗೆ ಸಾಲು ಹಿಡಿದು ಹೊರಟರೆ ಮೊದಲು ಕತ್ತರಿಯನ್ನೇ ಅನುಮಾನಿಸಿ.

ಅವರು ಎಲೆ ಕತ್ತರಿಸಿದ ರೀತಿಯಲ್ಲೂ ಹಾನಿಯಿತ್ತು. ಹಣ್ಣಾಗುತ್ತಿರುವ ಕೆಳಗಿನ ಗೊಂಚಲಿಗಿಂತ ಕೆಳಗಿನ ಎಲೆಗಳನ್ನು ಮಾತ್ರ, ಒಂದು ಸಲಕ್ಕೆ ಎರಡೋ ಮೂರೋ ತೆಗೆದರೆ ಸಾಕು. ಅವರು ಕಾಯಿಗಳಿಗೆ ನೆರಳಾಗಿದ್ದ ಎಲೆಗಳನ್ನೂ ಬೋಳಿಸಿದ್ದರಿಂದ ಹಸಿರು ಕಾಯಿಗಳು ಬಿಸಿಲಿಗೆ ಬೆಂದು ಬಿಳಿಚಿದವು. ಎಲೆಯ ತೊಟ್ಟನ್ನು ಕಾಂಡಕ್ಕೆ ಸಮನಾಗಿ ತೆಗೆಯದೆ ತುಂಡು ಬಿಟ್ಟಿದ್ದರು. ಆ ತುಂಡು ಕೊಳೆತು ಬೂದು ಬೂಷ್ಟು ಕಾಂಡದೊಳಗೆ ಇಳಿಯಿತು.

ಬೆರಳುದ್ದ ಮೀರದ ಚಿಗುರನ್ನು ಒಣಹವೆಯ ಬೆಳಿಗ್ಗೆ ಪಕ್ಕಕ್ಕೆ ಬಾಗಿಸಿದರೆ ತಾನಾಗಿ ಮುರಿಯುತ್ತದೆ, ಸಣ್ಣ ಗಾಯ ಬೇಗ ಆರುತ್ತದೆ. ವಾರಕ್ಕೊಮ್ಮೆ ಸುತ್ತು ಹಾಕುವವರಿಗೆ ಕತ್ತರಿಯ ಅಗತ್ಯ ಬೀಳುವುದೇ ಅಪರೂಪ. ಹೊರಗಿನವರನ್ನು ಕರೆಸಲೇಬೇಕಾದರೆ ಕತ್ತರಿ, ಕೈಗವಸು, ಮೇಲಂಗಿ ನಿಮ್ಮದೇ ಕೊಡಿ. ಅವರವು ಬಾಗಿಲ ಹೊರಗೇ ಇರಲಿ. ಒಬ್ಬರಿಗೆ ಎರಡು ಕತ್ತರಿ ಕೊಟ್ಟರೆ ಒಂದು ಕೆಲಸ ಮಾಡುವಾಗ ಇನ್ನೊಂದು ದ್ರಾವಣದಲ್ಲಿ ನೆನೆಯುತ್ತಿರುತ್ತದೆ. ಶೇಕಡಾ 70ರ ಆಲ್ಕೋಹಾಲ್ ದುಂಡಾಣುವಿಗೆ ಸಾಕು, ಆದರೆ ಮೊಸಾಯಿಕ್‌ನಂಥ ನಂಜುರೋಗಗಳಿಗೆ (ವೈರಸ್ ರೋಗಗಳಿಗೆ) ಅದನ್ನು ನಂಬಬೇಡಿ. ಅವು ಬರಿಗೈ ಸ್ಪರ್ಶದಿಂದಲೂ ಹರಡುತ್ತವೆ. ಅಲ್ಲಿ ಕೆನೆರಹಿತ ಹಾಲಿನ ಪುಡಿಯ ಶೇಕಡಾ 20ರ ದ್ರಾವಣ ಹೆಚ್ಚು ಉಪಯುಕ್ತ. ತಂಬಾಕಿನಲ್ಲೂ ಈ ನಂಜು ಇರಬಹುದು, ಹಾಗಾಗಿ ತಂಬಾಕು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಒಳಗೆ ಬಿಡಬೇಡಿ.

ಅನುಮಾನದ ಗಿಡ ಕಂಡರೆ ಆ ಸಾಲಿನಲ್ಲಿ ಚಿಗುರು ತೆಗೆಯುವುದನ್ನು ಅಂದೇ ನಿಲ್ಲಿಸಿ. ಗಿಡವನ್ನು, ಅಕ್ಕಪಕ್ಕದವುಗಳನ್ನೂ ಸೇರಿಸಿ, ನಿಂತಲ್ಲೇ ಚೀಲದೊಳಗೆ ಹಾಕಿ ಕಟ್ಟಿ ಹೊರಗೆ ಒಯ್ಯಿರಿ. ಗೊಬ್ಬರದ ಗುಂಡಿಗೆ ಬೇಡ. ಅದರ ದಾರ, ಕ್ಲಿಪ್‌ಗಳನ್ನು ಮತ್ತೆ ಬಳಸಬೇಡಿ. ಆ ಸಾಲಿನ ಉಳಿದ ಗಿಡಗಳ ಕೆಲಸ ಪ್ರತಿ ಸಲವೂ ಕೊನೆಯಲ್ಲಿರಲಿ, ಅಲ್ಲಿಂದ ಬಂದವರು ಅಂದು ಬೇರೆ ಗಿಡ ಮುಟ್ಟಬಾರದು.