ಗರಗಸ ಕಡಿಮೆ, ತಪಾಸಣೆ ಜಾಸ್ತಿ: ಹಳೆ ಮರಗಳ ಆರೈಕೆ ಸೇವೆ ಹೇಗಿತ್ತು

ಹಳೆ ಬಡಾವಣೆಯಲ್ಲಿ ಇರುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಬೀದಿಯ ಮರಗಳನ್ನೆಲ್ಲ ಒಂದೇ ಕಾಲಕ್ಕೆ ನೆಟ್ಟಿರುತ್ತಾರೆ, ಹಾಗಾಗಿ ಎಲ್ಲಕ್ಕೂ ಒಟ್ಟಿಗೇ ವಯಸ್ಸಾಗುತ್ತದೆ. ಜೋರು ಗಾಳಿಗೆ ಒಂದು ಕೊಂಬೆ ಮುರಿದು ಕಾರಿನ ಮೇಲೆ ಬಿತ್ತು ಅಂದರೆ ಸಾಕು, ಅರ್ಧ ಜನ ಎಲ್ಲಾ ಕಡಿಸಿಬಿಡಿ ಅನ್ನುತ್ತಾರೆ, ಇನ್ನರ್ಧ ಜನ ಒಂದು ಎಲೆಯನ್ನೂ ಮುಟ್ಟಬೇಡಿ ಅಂತ ಹಟ ಹಿಡಿಯುತ್ತಾರೆ. ನಮ್ಮ ಬೀದಿಯಲ್ಲೂ ಅದೇ ಜಗಳ. ಕೊನೆಗೆ ಎಲ್ಲರೂ ಸೇರಿ, ಮರಗಳ ಆರೈಕೆಯನ್ನೇ ಕಸುಬು ಮಾಡಿಕೊಂಡಿರುವ ಒಂದು ಸಂಸ್ಥೆಯನ್ನು ಕರೆಸಿದೆವು. ಹೆಸರು ಹಾಕುತ್ತಿಲ್ಲ, ಕೆಳಗೆ ಬೈಗುಳವೂ ಇದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಅದರಲ್ಲೂ ಮುಖ್ಯವಾಗಿ ಅವರು ಕಡಿಯದೆ ಬಿಟ್ಟಿದ್ದಕ್ಕೆ.

ಮೊದಲ ಸಲ ಬಂದಾಗ ಕೈಯಲ್ಲಿ ಗರಗಸವೇ ಇರಲಿಲ್ಲ. ಬಂದಿದ್ದು ಒಬ್ಬರೇ ಆರ್ಬರಿಸ್ಟ್, ಅಂದರೆ ಮರಗಳ ಆರೈಕೆ ಕಲಿತ ತಜ್ಞರು. ಒಂದು ಸುತ್ತಿಗೆ, ಸಪೂರ ಕಬ್ಬಿಣದ ಕಡ್ಡಿ, ಬೈನಾಕ್ಯುಲರ್, ಅಳತೆ ಟೇಪು, ಅಷ್ಟೇ ಸಾಮಾನು. ನಾವೆಲ್ಲ ಕತ್ತೆತ್ತಿ ಮೇಲೆ ನೋಡುತ್ತಿದ್ದರೆ ಅವರು ಮಂಡಿಯೂರಿ ಬುಡ ನೋಡುತ್ತಿದ್ದರು. ಕಾಂಡದ ಸುತ್ತ ಸುತ್ತಿಗೆಯಿಂದ ಮೆತ್ತಗೆ ಬಡಿಯುತ್ತಾ ಹೋದರು. ಟಕ್ ಟಕ್ ಅಂತಿದ್ದ ಸದ್ದು ಒಂದು ಗೇಣು ಆಚೆಗೆ ಡೊಬ್ ಡೊಬ್ ಆಯಿತು. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ತಿರುವಿನಲ್ಲಿರುವ ಗುಲ್‌ಮೊಹರ್ ಬುಡದಲ್ಲಿ ಹೊಳೆಯುವ ಕಂದು ಬಣ್ಣದ ಅಣಬೆಗಳು ತಟ್ಟೆ ತಟ್ಟೆಯಾಗಿ ಎದ್ದಿದ್ದವು, ಮಕ್ಕಳು ಅದರ ಫೋಟೋ ತೆಗೆಯುತ್ತಿದ್ದರು. ಅದು ಗ್ಯಾನೊಡರ್ಮಾ ಅಂತೆ. ಬೇರು, ಬುಡದ ಕಟ್ಟಿಗೆಯನ್ನು ತಿನ್ನುವ ಜಾತಿ. ಮೇಲೆ ಎಲೆ ಹಚ್ಚಹಸಿರಾಗಿ ಇರುವಾಗಲೇ ಕೆಳಗೆ ಹಿಡಿತ ಹೋಗಿರಬಹುದು ಎಂದರು.

ಮಳೆಮರಗಳ ವಿಷಯ ಬೇರೆ. ಎರಡು ಮರ ಒಳಗೆ ಟೊಳ್ಳು, ಆದರೂ ಕಡಿಯಬೇಕಿಲ್ಲ ಅಂದರು. ಬೀದಿಯ ಹಿರಿಯರೊಬ್ಬರು ನಂಬಲೇ ಇಲ್ಲ. ಆದರೆ ಕಾರಣ ಸರಿಯಾಗೇ ಇದೆ. ಕಾಂಡದ ನಡುಭಾಗ ಹೇಗಿದ್ದರೂ ಜೀವ ಕಳೆದುಕೊಂಡ ಕಟ್ಟಿಗೆ. ನೀರು ಮೇಲೆ ಹೋಗುವುದು ಹೊರಗಿನ ಸುತ್ತುಗಳಲ್ಲಿ. ಬಲದ ಮಾತಿಗೆ ಬಂದರೆ ಬಿದಿರು ನೋಡಿ, ಟೊಳ್ಳಾದರೂ ಗಟ್ಟಿ ಅಲ್ವಾ? ಹೊರಗಿನ ಗೋಡೆ ಎಷ್ಟು ದಪ್ಪ ಉಳಿದಿದೆ ಅನ್ನುವುದೇ ಪ್ರಶ್ನೆ. ಮರಗಳು ಹೇಗೆ ಮುರಿಯುತ್ತವೆ ಅಂತ ಅಧ್ಯಯನ ಮಾಡಿದ ಜರ್ಮನಿಯ ವಿಜ್ಞಾನಿ ಕ್ಲೌಸ್ ಮಾಥೆಕ್ ಹಾಕಿಕೊಟ್ಟ ಒಂದು ಅಂದಾಜು ಇದೆ: ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಸುಮಾರು ಮೂರನೇ ಒಂದು ಪಾಲಿಗಿಂತ ಕಡಿಮೆಯಾದರೆ ಎಚ್ಚರ. ಅದೇ ಕೊನೆ ಮಾತಲ್ಲ, ಮರದ ಎತ್ತರ, ಹರಡು, ಪೊಟರೆಯ ಬಾಯಿ ಎಷ್ಟು ಅಗಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗೋಡೆ ಅಳೆಯಲು ಕಾಂಡದ ಸುತ್ತ ಸೆನ್ಸರ್ ಕಟ್ಟಿ, ಒಂದೊಂದನ್ನೇ ಬಡಿದು, ಸದ್ದು ಇನ್ನೊಂದಕ್ಕೆ ತಲುಪಲು ಎಷ್ಟು ಹೊತ್ತು ತಗೊಳ್ಳುತ್ತದೆ ಅಂತ ನೋಡಿದರು. ಕೊಳೆತ ಕಡೆ ಸದ್ದು ನಿಧಾನ, ಕಂಪ್ಯೂಟರಿನಲ್ಲಿ ಅದು ಬಣ್ಣದ ಚಿತ್ರವಾಗಿ ಬರುತ್ತದೆ. ಸೂಜಿಯಂಥ ಡ್ರಿಲ್ ತೂರಿಸುವ ಇನ್ನೊಂದು ಯಂತ್ರವೂ ಇತ್ತು. ಅದನ್ನು ಅನುಮಾನ ಇದ್ದ ಕಡೆ ಮಾತ್ರ ಬಳಸಿದರು, ಯಾಕೆಂದರೆ ಪ್ರತಿ ತೂತೂ ಮರಕ್ಕೆ ಒಂದು ಗಾಯ.

ಗಾಯದ ವಿಷಯದಲ್ಲಿ ಇವರು ತುಂಬಾ ಖಡಕ್, ನನಗೆ ಇಷ್ಟವಾಗಿದ್ದೂ ಅದೇ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1977ರಲ್ಲಿ ಒಂದು ಮಾತು ಮುಂದಿಟ್ಟರು. ನಮ್ಮ ಚರ್ಮದ ಥರ ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ. ಕೊಳೆತ ಜಾಗದ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಅದನ್ನು ಅಲ್ಲೇ ಬಿಟ್ಟು, ಹೊರಗೆ ಹೊಸ ಕಟ್ಟಿಗೆ ಬೆಳೆಸುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬಿದ ಕೊರಳು ಇರುತ್ತದೆ ನೋಡಿ, ಅದರ ಹೊರಗೇ ಕತ್ತರಿಸಬೇಕು. ಅಂದವಾಗಿ ಕಾಣಲಿ ಅಂತ ಕಾಂಡಕ್ಕೆ ಸಮ ಮಾಡಿ ಕತ್ತರಿಸಿದರೆ ಆ ಕೊರಳೇ ಹೋಗಿ ಕೊಳೆತ ಕಾಂಡದೊಳಗೆ ಇಳಿಯುತ್ತದೆ. ಹಾಗಂತ ಉದ್ದ ಮೋಟು ಬಿಟ್ಟರೂ ಕೆಲಸ ಕೆಡುತ್ತದೆ. ಕಡಿದ ಜಾಗಕ್ಕೆ ಬಣ್ಣ, ಡಾಂಬರು ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ, ಸುಮ್ನೆ ದುಡ್ಡು ದಂಡ. ಹಿಂದೆ ಯಾರೋ ಒಂದು ಪೊಟರೆಗೆ ಸಿಮೆಂಟ್ ತುಂಬಿಸಿದ್ದರು. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ, ಸಂದಿಯಲ್ಲಿ ನೀರು ನಿಲ್ಲುತ್ತದೆ. ಈಗ ಕಿತ್ತರೆ ಇನ್ನೂ ಗಾಯ ಅಂತ ಹಾಗೇ ಬಿಟ್ಟರು.

ಕತ್ತರಿಸುವ ಕೆಲಸ ಹಗ್ಗದ ಮೇಲೆ ನಡೆಯಿತು. ದೊಡ್ಡ ಕೊಂಬೆಗೆ ಮೂರು ಕೊಯ್ತ. ಮೊದಲು ಕಾಂಡದಿಂದ ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರೆಕೊಯ್ತ, ಆಮೇಲೆ ಅದರಾಚೆ ಮೇಲಿನಿಂದ, ಭಾರ ಇಳಿದ ಮೇಲೆ ಕೊರಳಿನ ಹತ್ತಿರ ಕೊನೆಯದು. ಇಲ್ಲದಿದ್ದರೆ ಬೀಳುವ ಕೊಂಬೆ ತೊಗಟೆಯನ್ನೂ ಸಿಗಿದುಕೊಂಡು ಬರುತ್ತದೆ. ಒಣಗಿದ್ದನ್ನು ತೆಗೆದರು, ರಸ್ತೆ ಮೇಲೆ ಚಾಚಿದ ಉದ್ದ ಕೊಂಬೆಗಳ ತುದಿ ಭಾರ ಇಳಿಸಿದರು. ಒಂದು ಪೊಟರೆಯಲ್ಲಿ ಗಿಳಿ ಮರಿ ಮಾಡಿದ್ದರಿಂದ ಆ ಕೊಂಬೆಯನ್ನು ಮುಟ್ಟದೆ, ಆಮೇಲೆ ಬಂದು ಮುಗಿಸಿದರು. ಎದುರು ಮನೆಯವರು ತಲೆ ಬೋಳಿಸಿಬಿಡಿ ಅಂತ ಹಿಂದೆ ಬಿದ್ದರು. ಒಪ್ಪಲಿಲ್ಲ. ತಲೆ ಕಡಿದ ಮರ ಹಸಿವಿನಲ್ಲಿ ಎಲ್ಲೆಲ್ಲಿಂದಲೋ ಚಿಗುರು ಹೊಡೆಯುತ್ತದೆ, ಆ ಚಿಗುರು ಮೇಲ್ಪದರಕ್ಕೆ ಮಾತ್ರ ಅಂಟಿಕೊಂಡಿರುತ್ತದೆ, ದಪ್ಪ ಆದ ಮೇಲೆ ಅದೇ ಮುರಿದು ಬೀಳುತ್ತದೆ. ಎಂಥ ಮರಕ್ಕೂ ಒಂದೇ ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಯಬಾರದು, ಮುದಿ ಮರಕ್ಕೆ ಅದಕ್ಕಿಂತಲೂ ಕಡಿಮೆ.

ಆದರೆ ಕೊಟ್ಟ ದುಡ್ಡು ವಸೂಲಾಯಿತು ಅನ್ನಿಸಿದ್ದು ನೆಲದ ಕೆಲಸದಲ್ಲಿ. ಬೇರುಗಳಲ್ಲಿ ಬಹುಪಾಲು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ, ನೆರಳು ಬೀಳುವ ಜಾಗವನ್ನೂ ದಾಟಿ ಹೋಗಿರುತ್ತವೆ. ನಾವು ಮಾಡುವುದೇನು? ಬುಡದವರೆಗೂ ಸಿಮೆಂಟ್, ಮೇಲೆ ಕಾರು. ಇವರು ಬುಡದ ಸಿಮೆಂಟ್ ಒಡೆದು, ಗಾಳಿ ಊದುವ ಯಂತ್ರದಿಂದ ಬೇರಿಗೆ ಏಟಾಗದಂತೆ ಮಣ್ಣು ಸಡಿಲಿಸಿದರು. ಒಂದು ಮರದಲ್ಲಿ ಕೈ ದಪ್ಪದ ಬೇರು ಕಾಂಡವನ್ನೇ ಸುತ್ತಿಕೊಂಡು ಬಿಗಿಯುತ್ತಿತ್ತು, ತೊಗಟೆಯಲ್ಲಿ ಅದರ ಅಚ್ಚು ಕೂಡ ಬಿದ್ದಿತ್ತು. ಉಳಿಯಲ್ಲಿ ಸ್ವಲ್ಪ ಸ್ವಲ್ಪವೇ ಕೆತ್ತಿ ಬಿಡಿಸಿದರು. ನಮ್ಮದೇ ಮರದ ಒಣ ಕೊಂಬೆಗಳನ್ನು ಚೂರು ಮಾಡಿ 5ರಿಂದ 10 ಸೆಂಟಿಮೀಟರ್ ದಪ್ಪ ಹಾಸಿದರು, ಕಾಂಡಕ್ಕೆ ಮಾತ್ರ ತಾಗಿಸಲಿಲ್ಲ. ತಾಗಿಸಿ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ. ಇನ್ನೊಂದು ಲೆಕ್ಕ ಎಲ್ಲರೂ ಬರೆದಿಟ್ಟುಕೊಳ್ಳಿ: ಕಾಂಡದ ಅಡ್ಡಳತೆಯ 12 ಪಟ್ಟು ದೂರದವರೆಗೆ ಅಗೆಯಬಾರದು. 60 ಸೆಂಟಿಮೀಟರ್ ಮರಕ್ಕೆ ಸುತ್ತ 7.2 ಮೀಟರ್. ಪೈಪು, ಕೇಬಲ್ಲು ಅಂತ ಒಳಗೆ ಅಗೆದರೆ ಮರ ತಕ್ಷಣ ಸಾಯುವುದಿಲ್ಲ. ಕೆಲವು ವರ್ಷ ಕಳೆದು ತುದಿಯಿಂದ ಒಣಗುತ್ತಾ ಬರುತ್ತದೆ, ಅಷ್ಟು ಹೊತ್ತಿಗೆ ಅಗೆದವರನ್ನು ಎಲ್ಲರೂ ಮರೆತಿರುತ್ತಾರೆ.

ಈಗ ತಕರಾರು. ಇಷ್ಟೆಲ್ಲ ಪಾಠ ಹೇಳಿದ ಮೇಲೆ ಅವರದೇ ಲಾರಿಯನ್ನು ಆಗಷ್ಟೇ ಸಡಿಲ ಮಾಡಿದ ಮಣ್ಣಿನ ಮೇಲೆ ತಂದು ನಿಲ್ಲಿಸಿದರು! ನಾವೇ ಕೂಗಿ ತೆಗೆಸಬೇಕಾಯಿತು. ಆಮೇಲೆ ಬಂದ ತಂಡದಲ್ಲಿ ಒಬ್ಬ ಹುಡುಗ ಮುಳ್ಳಿನ ಬೂಟು ಹಾಕಿಕೊಂಡು ಹತ್ತಲು ಶುರು ಮಾಡಿದ. ಕಡಿದು ಉರುಳಿಸುವ ಮರಕ್ಕೆ ಅದು ಸರಿ, ಬದುಕಬೇಕಾದ ಮರಕ್ಕೆ ಪ್ರತಿ ಹೆಜ್ಜೆಯೂ ತೂತು. ಮೇಲ್ವಿಚಾರಕರು ಇಳಿಸಿದರು ನಿಜ, ಅಷ್ಟರಲ್ಲಿ ಆಳೆತ್ತರ ಹತ್ತಿಯಾಗಿತ್ತು. ವರದಿ ಬರಲು ನಾಲ್ಕಾರು ಸಲ ಫೋನ್ ಮಾಡಬೇಕಾಯಿತು, ಬಂದದ್ದೂ ಅರ್ಧ ಅರ್ಥವಾಗದ ಭಾಷೆಯಲ್ಲಿ. ಜೊತೆಗೆ ಕಾಂಡಕ್ಕೆ ಚುಚ್ಚುವ ಟಾನಿಕ್ ಅಂತ ಒಂದು ಪ್ಯಾಕೇಜ್ ಸೇರಿಸಿದ್ದರು. ಮಣ್ಣು ಪರೀಕ್ಷೆಯೇ ಮಾಡದೆ ಯಾವ ಕೊರತೆಗೆ ಟಾನಿಕ್ ಅಂತ ಕೇಳಿದೆವು, ಬಿಲ್ಲಿನಿಂದ ಆ ಸಾಲು ಮಾಯ. ಅದಕ್ಕೇ ಒಂದು ಸ್ಟಾರ್ ಕಡಿತ.

ಗುಲ್‌ಮೊಹರ್ ಉಳಿಯಲಿಲ್ಲ. ಒಂದು ಕಡೆ ವಾಲಿತ್ತು, ಇನ್ನೊಂದು ಕಡೆ ನೆಲ ಬಿರುಕು ಬಿಟ್ಟು ಮೇಲೆದ್ದಿತ್ತು, ಬುಡದಲ್ಲಿ ಅಣಬೆ ಬೇರೆ. ಕಡಿದ ಮೇಲೆ ನೋಡಿದರೆ ಬೇರಿನ ಬುಡ ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಅದರ ಜಾಗಕ್ಕೆ ಅದನ್ನೇ ನೆಡಬೇಡಿ, ಎಲ್ಲ ಖಾಲಿ ಜಾಗಕ್ಕೂ ಒಂದೇ ವರ್ಷ ನೆಡಬೇಡಿ ಅಂದರು. ಅಮೆರಿಕದ ಮರ ವಿಜ್ಞಾನಿ ಫ್ರಾಂಕ್ ಸಾಂಟಮೂರ್ 1990ರಲ್ಲಿ ಹೇಳಿದ ಲೆಕ್ಕ ಅವರದ್ದು: ಒಟ್ಟು ಮರಗಳಲ್ಲಿ ಒಂದೇ ಜಾತಿಯ ಮರ 10%, ಒಂದೇ ಕುಲದ್ದು (ಹತ್ತಿರದ ಜಾತಿಗಳ ಗುಂಪು) 20%, ಒಂದೇ ಕುಟುಂಬದ್ದು 30% ಮೀರಬಾರದು. ಒಂದು ರೋಗ ಬಂದರೆ ಇಡೀ ಬೀದಿ ಬೋಳಾಗಬಾರದಲ್ಲ. ನಮ್ಮಲ್ಲಿ ಈಗ ಯಾವ ಜಾತಿ ಅನ್ನುವುದಕ್ಕೆ ಹೊಸ ಜಗಳ ಶುರುವಾಗಿದೆ, ಅದಕ್ಕೆ ಅವರು ಹೊಣೆಯಲ್ಲ.

ನೀವು ಇಂಥವರನ್ನು ಕರೆಸುವುದಾದರೆ ಫೋನಿನಲ್ಲೇ ಕೇಳಿ: ಮುಳ್ಳಿನ ಬೂಟು ಹಾಕುತ್ತೀರಾ, ಕಡಿದ ಜಾಗಕ್ಕೆ ಬಣ್ಣ ಬಳಿಯುತ್ತೀರಾ, ತಲೆ ಕಡಿದು ಕೊಡುತ್ತೀರಾ. ಮೂರರಲ್ಲಿ ಒಂದಕ್ಕೆ ಹೂಂ ಅಂದರೂ ಫೋನ್ ಇಡಿ. ಮಳೆಗಾಲ ಮುಗಿದ ಮೇಲೆ ಟೊಳ್ಳು ಮಳೆಮರಗಳನ್ನು ಮತ್ತೆ ಅಳೆಯಲು ಇವರನ್ನೇ ಕರೆಯುತ್ತೇವೆ. ವರದಿ ಬೇಗ ಬಂದರೆ ಉಳಿದ ಸ್ಟಾರ್ ಬಗ್ಗೆ ಯೋಚಿಸುತ್ತೇನೆ.